ಹಳೆ ಕಾಗದದ ಹೊಸ ಪುಸ್ತಕ ಕೆಟ್ಟರೆ: ದೋಷ ಹುಡುಕುವ ಕೈಪಿಡಿ

ಹಳೆ ಕಾಗದ ನೆನೆಸಿ ಅರೆದು, ಆ ತಿರುಳನ್ನು ತೊಟ್ಟಿಯ ನೀರಿನಲ್ಲಿ ಕದಡಿ, ಪರದೆಯ ಚೌಕಟ್ಟಿನಿಂದ ಎತ್ತಿ ಹಾಳೆ ತೆಗೆದು, ಆ ಹಾಳೆಗಳನ್ನು ಹೊಲಿದು ರಟ್ಟು ಕಟ್ಟಿ ದಿನಚರಿಯೋ ಟಿಪ್ಪಣಿ ಪುಸ್ತಕವೋ ಮಾಡುವವರಲ್ಲಿ ಒಂದು ಚಟವಿದೆ. ಏನು ಕೆಟ್ಟರೂ ಕೈ ಮೊದಲು ಅಂಟಿನ ಡಬ್ಬಿಗೆ ಹೋಗುತ್ತದೆ. ಹಾಳೆ ಪುಡಿಯಾಗುತ್ತಿದೆಯೇ? ತಿರುಳಿಗೆ ಬಿಳಿ ಅಂಟು ಸುರಿಯುತ್ತಾರೆ. ಪುಟ ಉದುರುತ್ತಿದೆಯೇ? ಬೆನ್ನಿಗೆ ಇನ್ನೊಂದು ಪದರ ಬಳಿಯುತ್ತಾರೆ. ರಟ್ಟು ಬಾಗಿದರೆ ಅಂಟು ಸಾಲಲಿಲ್ಲ ಎನ್ನುತ್ತಾರೆ. ನಿಜವಾಗಿ ನೋಡಿದರೆ ಅಂಟು ಕಡಿಮೆಯಾಗಿ ಕೆಟ್ಟ ಪುಸ್ತಕ ಅಪರೂಪ, ಹೆಚ್ಚಾಗಿ ಕೆಟ್ಟದ್ದೇ ಬಹಳ. ದೋಷ ಕಣ್ಣಿಗೆ ಬೀಳುವ ಜಾಗ ಒಂದು, ಹುಟ್ಟುವ ಜಾಗ ಅದಕ್ಕಿಂತ ಒಂದೆರಡು ಹಂತ ಹಿಂದೆ. ರದ್ದಿಯಿಂದ ಯಾವ ಕಾಗದ ಆರಿಸಿದಿರಿ, ನೀರು ಹೇಗೆ ಹೊರಹೋಯಿತು, ನಾರು ಯಾವ ದಿಕ್ಕಿಗೆ ಮಲಗಿದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿದ ಮೇಲೆ ಅಂಟಿನ ವಿಚಾರಕ್ಕೆ ಬರಬೇಕು.

ಬಕೆಟ್ಟು, ಅಡುಗೆಗೆ ಬಳಸದ ಹಳೆ ಮಿಕ್ಸಿ, ಸೊಳ್ಳೆ ಪರದೆ ಬಿಗಿದ ಮರದ ಚೌಕಟ್ಟು, ಹಳೆ ಪಂಚೆಯ ತುಂಡುಗಳು, ಸೂಜಿ, ದಾರ, ದಬ್ಬಣ, ಮೈದಾ ಅಂಟು ಇಷ್ಟನ್ನು ಇಟ್ಟುಕೊಂಡು ಮನೆಯಲ್ಲೇ ಕೆಲಸ ಮಾಡುವವರಿಗಾಗಿ ಇದನ್ನು ಬರೆದಿದ್ದೇನೆ. ನಿಮ್ಮ ಪುಸ್ತಕದ ಲಕ್ಷಣ ಯಾವ ತಲೆಬರಹದಡಿ ಬರುತ್ತದೋ ಅಲ್ಲಿಂದ ಓದಲು ತೊಡಗಿದರೆ ಸಾಕು.

ಹಾಳೆ ಪರದೆ ಬಿಡುವುದಿಲ್ಲ, ಬಿಟ್ಟರೆ ಹರಿಯುತ್ತದೆ, ಒಣಗಿದರೆ ಪುಡಿಯಾಗುತ್ತದೆ

ಮೂರೂ ಒಂದೇ ಕಾಯಿಲೆಯಂತೆ ಕಂಡರೂ ಕಾರಣಗಳು ಬೇರೆ ಬೇರೆ.

ಒದ್ದೆ ಹಾಳೆ ಪರದೆಯನ್ನು ಬಿಟ್ಟು ಬಟ್ಟೆಯ ಮೇಲೆ ಇಳಿಯುತ್ತಿಲ್ಲವೆಂದರೆ ಮೊದಲು ಬಟ್ಟೆಯನ್ನು ಮುಟ್ಟಿ ನೋಡಿ. ಒಣ ಬಟ್ಟೆ ಹಾಳೆಯನ್ನು ಹಿಡಿದುಕೊಳ್ಳುವುದಿಲ್ಲ, ನೆನೆಸಿ ಹಿಂಡಿದ ಬಟ್ಟೆ ಹಿಡಿದುಕೊಳ್ಳುತ್ತದೆ. ಅನಂತರ ಪರದೆಯ ನಡುವೆ ಬೆರಳಿಟ್ಟು ಒತ್ತಿ. ಅದು ಜೋಲು ಬಿದ್ದಿದ್ದರೆ ತಿರುಳೆಲ್ಲ ನಡುವಿಗೆ ಸೇರಿ ಅಂಚು ತೆಳುವಾಗುತ್ತದೆ, ಎತ್ತುವಾಗ ಆ ತೆಳು ಅಂಚು ಪರದೆಯಲ್ಲೇ ಉಳಿಯುತ್ತದೆ. ಬಿಚ್ಚಿ ಬಿಗಿಯಾಗಿ ಮೊಳೆ ಹೊಡೆಯುವುದೇ ಪರಿಹಾರ. ಇವೆರಡೂ ಸರಿಯಿದ್ದರೆ ಕೈಚಳಕದ ಕೊರತೆ ಇರಬೇಕು. ಚೌಕಟ್ಟನ್ನು ಒಮ್ಮೆಲೇ ಮಗುಚಿ ಹಾಕಬಾರದು. ಒಂದು ಉದ್ದ ಅಂಚನ್ನು ಬಟ್ಟೆಯ ಮೇಲಿಟ್ಟು, ಅಲ್ಲಿಂದ ಇನ್ನೊಂದು ಅಂಚಿನ ಕಡೆಗೆ ಉರುಳಿಸುತ್ತಾ ಒತ್ತಿ, ಮೊದಲ ಅಂಚಿನಿಂದ ಎತ್ತಿಕೊಂಡು ಬರಬೇಕು. ಒತ್ತಿ ಹಿಡಿದಾಗ ಪರದೆಯ ಬೆನ್ನಿಗೆ ಸ್ಪಂಜು ಒತ್ತಿ ನೀರು ತೆಗೆದರೆ ಹಾಳೆ ಸುಲಭವಾಗಿ ಬಿಡುತ್ತದೆ.

ಬಟ್ಟೆಗೆ ಬಂದ ಹಾಳೆ ಎತ್ತುವಾಗ ಹರಿದರೆ ಅದು ತೀರ ತೆಳುವಾಗಿರುತ್ತದೆ, ಇಲ್ಲವೇ ಅದನ್ನು ಸರಿಯಾಗಿ ಒತ್ತಿರುವುದಿಲ್ಲ. ದಪ್ಪವನ್ನು ಅಂದಾಜಿಗೆ ಬಿಡಬೇಕಾಗಿಲ್ಲ, ಲೆಕ್ಕ ಹಾಕಬಹುದು. ಎ4 ಅಳತೆಯ ಹದಿನಾರು ಹಾಳೆ ಸೇರಿದರೆ ಒಂದು ಚದರ ಮೀಟರ್. ಹಾಗಾಗಿ 75 ಜಿಎಸ್‌ಎಂನ, ಎಂದರೆ ಚದರ ಮೀಟರಿಗೆ 75 ಗ್ರಾಂ ತೂಗುವ ಕಾಗದದ, ಒಂದು ಜೆರಾಕ್ಸ್ ಹಾಳೆ ಸುಮಾರು 4.7 ಗ್ರಾಂ ತೂಗುತ್ತದೆ. ಅದರ ಅರ್ಧ ಅಳತೆಯ, ಎಂದರೆ ಎ5ರ ಹಾಳೆಯನ್ನು 120 ಜಿಎಸ್‌ಎಂ ದಪ್ಪಕ್ಕೆ ತೆಗೆಯಬೇಕಾದರೆ 3.75 ಗ್ರಾಂ ಒಣ ಕಾಗದ ಬೇಕು. ಹದಿನಾರು ಹಾಳೆಗೆ 60 ಗ್ರಾಂ, ಸರಿಸುಮಾರು ಹದಿಮೂರು ಜೆರಾಕ್ಸ್ ಹಾಳೆ. ತೊಟ್ಟಿಯಲ್ಲಿ ಒಂದಿಷ್ಟು ಉಳಿದೇ ಉಳಿಯುವುದರಿಂದ ತುಸು ಹೆಚ್ಚಿಗೆ ಹಾಕಿ. ಮೊದಲ ಹಾಳೆ ದಪ್ಪಗೆ, ಹತ್ತನೆಯದು ಪಾರದರ್ಶಕ ಆಗುತ್ತಿದ್ದರೆ ಇದರಲ್ಲಿ ನಿಗೂಢವೇನೂ ಇಲ್ಲ: ಪ್ರತಿ ಹಾಳೆ ತನ್ನ ಪಾಲಿನ ನಾರನ್ನು ಕೊಂಡೊಯ್ಯುತ್ತದೆ, ನೀರು ಉಳಿಯುತ್ತದೆ. ಎರಡು ಮೂರು ಹಾಳೆಗೊಮ್ಮೆ ತಿರುಳು ಸೇರಿಸಿ ಕೈಯಾಡಿಸುತ್ತಿರಬೇಕು. ತೊಟ್ಟಿಯ ನೀರು ಯಾವಾಗಲೂ ನೀರುಮಜ್ಜಿಗೆಯ ಹದದಲ್ಲಿರಲಿ.

ಇನ್ನು ಒಣಗಿದ ಮೇಲೆ ಪುಡಿಯಾಗುವ ಹಾಳೆ. ಇದು ರದ್ದಿಯ ದೋಷ. ಕಾಗದದ ಬಿಗಿತಕ್ಕೆ ಅಂಟು ಕಾರಣವಲ್ಲ. ಸಸ್ಯದ ನಾರುಗಳು ನೀರಿನಲ್ಲಿ ಊದಿ, ನೀರು ಹೊರಹೋಗುವಾಗ ಒಂದಕ್ಕೊಂದು ಸರಿದು, ಮೈಗೆ ಮೈ ತಾಗಿಸಿ ತಮ್ಮಷ್ಟಕ್ಕೆ ಬೆಸೆದುಕೊಳ್ಳುತ್ತವೆ. ರಸಾಯನಶಾಸ್ತ್ರದವರು ಇದನ್ನು ಹೈಡ್ರೋಜನ್ ಬಂಧ ಎನ್ನುತ್ತಾರೆ. ನಾರು ಉದ್ದವಿದ್ದಷ್ಟೂ, ಅದರ ಮೈ ಜಜ್ಜಿ ಕುಚ್ಚುಕುಚ್ಚಾಗಿದ್ದಷ್ಟೂ ಬೆಸುಗೆ ಗಟ್ಟಿ. ತೊಟ್ಟಿಗೆ ಸುರಿದ ಬಿಳಿ ಅಂಟು ಬಹುಪಾಲು ನೀರಿನೊಂದಿಗೇ ಸೋರಿಹೋಗುತ್ತದೆ, ಉಳಿದದ್ದು ಹಾಳೆಯನ್ನು ಪರದೆಗೂ ಬಟ್ಟೆಗೂ ಅಂಟಿಸಿ ಹೊಸ ತಲೆನೋವು ತರುತ್ತದೆ.

ಪುಡಿಯಾದ ಹಾಳೆಯ ಒಂದು ಮೂಲೆಯನ್ನು ನಿಧಾನವಾಗಿ ಹರಿದು, ಹರಿದ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಅಂಚಿನಲ್ಲಿ ಉದ್ದುದ್ದ ರೋಮಗಳು ಎದ್ದು ನಿಂತಿದ್ದರೆ ನಾರು ಚೆನ್ನಾಗಿದೆ, ಒತ್ತುವುದು ಸಾಲದಾಗಿದೆ ಎಂದು ಅರ್ಥ. ಅಂಚು ರೋಮವಿಲ್ಲದೆ ಕಡಿದಂತಿದ್ದು, ಬೆರಳಿಗೆ ಬಿಳಿ ಹುಡಿ ಹತ್ತಿದರೆ ನಾರು ಗಿಡ್ಡವಾಗಿದೆ, ಇಲ್ಲವೇ ಕಾಗದದಲ್ಲಿ ನಾರಿಗಿಂತ ಸುಣ್ಣ, ಜೇಡಿ ಹೆಚ್ಚಿತ್ತು. ಹೊಳೆಯುವ ಕ್ಯಾಲೆಂಡರ್, ನಿಯತಕಾಲಿಕೆಯ ಮುಖಪುಟ, ನುಣುಪಾದ ಆಹ್ವಾನ ಪತ್ರಿಕೆ ಇವುಗಳ ಹೊಳಪು ಬಹುಪಾಲು ಇಂಥ ಖನಿಜದ ಲೇಪ. ನೆನೆಸಿ ಅರೆದರೆ ಆ ಲೇಪ ತಿರುಳಿನಲ್ಲಿ ಸೇರಿಕೊಂಡು ನಾರುಗಳ ನಡುವೆ ಕೂರುತ್ತದೆ, ಬೆಸೆಯಲು ಬಿಡುವುದಿಲ್ಲ. ಮದುವೆ ಕಾಗದಗಳಲ್ಲಿ ಚಿನ್ನದ ಬಣ್ಣದ ಹಾಳೆ, ಪ್ಲಾಸ್ಟಿಕ್ ಪದರವೂ ಇರುತ್ತವೆ. ಅವು ಕರಗುವುದೇ ಇಲ್ಲ. ಶ್ರಾವಣ ಮುಗಿಯುವಷ್ಟರಲ್ಲಿ ಮನೆ ತುಂಬ ಸೇರುವ ಈ ಪತ್ರಿಕೆಗಳನ್ನು ತಿರುಳಿಗೆ ಹಾಕುವುದಕ್ಕಿಂತ ರಟ್ಟಿನ ಮೇಲಿನ ಅಲಂಕಾರಕ್ಕೆ ಕತ್ತರಿಸಿಕೊಳ್ಳುವುದು ಜಾಣತನ.

ಒಮ್ಮೆ ಮರುಬಳಕೆಯಾದ ಕಾಗದವನ್ನು ಮತ್ತೆ ಅರೆದಾಗ ನಾರು ಇನ್ನಷ್ಟು ಗಿಡ್ಡವಾಗುತ್ತದೆ. ಮಿಕ್ಸಿ ಇದನ್ನು ಬೇಗ ಮಾಡಿ ಮುಗಿಸುತ್ತದೆ, ಏಕೆಂದರೆ ಅದರ ಅಲಗು ಜಜ್ಜುವುದಿಲ್ಲ, ಕಡಿಯುತ್ತದೆ. ರಾತ್ರಿಯಿಡೀ ನೆನೆದ ಕಾಗದವನ್ನು ಜಾರಿಗೆ ಒಂದು ಹಿಡಿಯಷ್ಟೇ ಹಾಕಿ, ಧಾರಾಳ ನೀರು ಸೇರಿಸಿ, ತಡೆತಡೆದು ತಿರುಗಿಸಿ. ಸಾಕಾಯಿತೇ ಎಂದು ತಿಳಿಯಲು ಒಂದು ಚಿಟಿಕೆ ತಿರುಳನ್ನು ಗಾಜಿನ ಸೀಸೆಯ ನೀರಿಗೆ ಹಾಕಿ ಕುಲುಕಿ ಬೆಳಕಿಗೆ ಹಿಡಿಯಿರಿ. ಗಂಟುಗಳು ತೇಲಿದರೆ ಇನ್ನೊಂದು ಸುತ್ತು ಬೇಕು. ಮೋಡದಂತೆ ಸಮನಾಗಿ ಹರಡಿದರೆ ಅಲ್ಲಿಗೇ ನಿಲ್ಲಿಸಿ, ನುಣ್ಣಗಾಗಲಿ ಎಂದು ಮುಂದುವರಿಸಬೇಡಿ.

ಸಪ್ಪೆ ರದ್ದಿಗೆ ಬಲ ಕೊಡುವುದು ಉದ್ದ ನಾರು. ಶಾಲೆಯ ಪುಸ್ತಕಗಳಿಗೆ ಹಾಕಿದ ಖಾಕಿ ಹೊದಿಕೆ, ಅಂಗಡಿಯ ಗಟ್ಟಿ ಖಾಕಿ ಚೀಲ ಇವುಗಳನ್ನು ಕಾಲು ಭಾಗ ಸೇರಿಸಿದರೂ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಹತ್ತಿ ಬಟ್ಟೆ ಇನ್ನೂ ಒಳ್ಳೆಯದು. ಜೈಪುರದ ಬಳಿಯ ಸಾಂಗಾನೇರಿನ ಕಾಗದಗಾರರು ಬನಿಯನ್ ಕಾರ್ಖಾನೆಗಳ ಹತ್ತಿ ಚಿಂದಿಯಿಂದಲೇ ಹೆಸರಾದ ಹಾಳೆಗಳನ್ನು ತೆಗೆಯುತ್ತಾರೆ. ಆದರೆ ಅವರ ಬಳಿ ಚಿಂದಿಯನ್ನು ಗಂಟೆಗಟ್ಟಲೆ ಜಜ್ಜುವ ಯಂತ್ರವಿದೆ. ನಿಮ್ಮ ಮಿಕ್ಸಿಗೆ ಚಿಂದಿ ಹಾಕಿದರೆ ಎಳೆ ಅಲಗಿಗೆ ಸುತ್ತಿಕೊಂಡು ಮೋಟಾರು ಸುಡುತ್ತದೆ. ಒರಳು ಒನಕೆ ಇದ್ದರೆ, ಉಗುರಿನಷ್ಟು ಸಣ್ಣಗೆ ಕತ್ತರಿಸಿದ ತೆಳು ಹತ್ತಿ ಬಟ್ಟೆಯನ್ನು ಒದ್ದೆಯಾಗಿ ಕುಟ್ಟಬಹುದು. ತೋಳಿಗೆ ಕಷ್ಟ, ಹಾಳೆಗೆ ಸುಖ.

ಒಂದು ಎಚ್ಚರಿಕೆ, ತಲೆಬರಹಕ್ಕೆ ಸೇರದಿದ್ದರೂ ಹೇಳಬೇಕು: ಉಳಿದ ತಿರುಳಿನ ನೀರನ್ನು ಸಿಂಕಿಗೆ ಸುರಿಯಬೇಡಿ. ಅದು ಕೊಳವೆಯ ತಿರುವಿನಲ್ಲಿ ಕೂತು, ಗಟ್ಟಿಯಾಗಿ, ಪ್ಲಂಬರ್ ಬರುವವರೆಗೂ ಅಲ್ಲೇ ಇರುತ್ತದೆ. ಬಟ್ಟೆಯಲ್ಲಿ ಸೋಸಿ, ಉಂಡೆ ಕಟ್ಟಿ, ಒಣಗಿಸಿ ಇಡಿ. ಒದ್ದೆಯಾಗಿ ಬಿಟ್ಟರೆ ಒಂದೆರಡು ದಿನಗಳಲ್ಲೇ ಕೊಳೆತು ನಾರುತ್ತದೆ, ಆ ವಾಸನೆ ಹಾಳೆಯನ್ನು ಸೇರುತ್ತದೆ.

ಹಾಳೆ ಅಲೆಅಲೆಯಾಗಿದೆ

ಬಿಸಿಲಿಗೆ ಹಾಕಿದಿರಿ. ಅಂಚು ಮೊದಲು ಒಣಗಿ ಕುಗ್ಗಿತು, ನಡುವಿನ ಒದ್ದೆ ಭಾಗಕ್ಕೆ ಹೋಗಲು ಜಾಗವಿಲ್ಲದೆ ಉಬ್ಬಿತು. ಹಾಳೆ ಒಣಗುವಾಗ ಅದನ್ನು ಯಾವುದಾದರೂ ಹಿಡಿದಿರಬೇಕು, ಇಷ್ಟೇ ಸೂತ್ರ. ಬಟ್ಟೆಗಳ ನಡುವೆ ಅಡಕಿದ ಹಾಳೆಗಳ ಮೇಲೆ ಮಣೆ ಇಟ್ಟು, ಅದರ ಮೇಲೆ ನಿಂತೋ ಕಲ್ಲು ಹೇರಿಯೋ ನೀರು ಹಿಂಡಿ. ಅನಂತರ ಪ್ರತಿ ಹಾಳೆಯನ್ನೂ ಅದರ ಬಟ್ಟೆಯ ಸಮೇತ ಗಾಜಿನ ಕಿಟಕಿ, ಗ್ರಾನೈಟ್ ಹಲಗೆ ಅಥವಾ ಬಣ್ಣ ಬಳಿಯದ ನಯವಾದ ಹಲಗೆಗೆ ಹಾಳೆಯ ಮುಖ ತಾಗುವಂತೆ ಒತ್ತಿ, ಬಟ್ಟೆಯನ್ನು ಮೆಲ್ಲಗೆ ಸುಲಿದುಬಿಡಿ. ನೆರಳಿನಲ್ಲಿ ಒಣಗಿದ ಹಾಳೆ ತಾನಾಗಿ ಅಂಚು ಬಿಡುತ್ತದೆ. ಗಾಜಿಗೆ ತಾಗಿದ ಮುಖ ನುಣುಪಾಗಿಯೂ ಇನ್ನೊಂದು ಮುಖ ಬಟ್ಟೆಯ ನೇಯ್ಗೆಯ ಗುರುತಿನೊಂದಿಗೂ ಬರುತ್ತದೆ. ಅದು ದೋಷವಲ್ಲ.

ಈಗಾಗಲೇ ಅಲೆಯಾದ ಹಾಳೆಯನ್ನು ಉಳಿಸಬಹುದು. ಎರಡೂ ಬದಿಗೆ ನೀರಿನ ಮಂಜು ಸಿಂಪಡಿಸಿ, ಹತ್ತು ನಿಮಿಷ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟು ತೇವ ಸಮನಾಗಲು ಬಿಡಿ. ಅನಂತರ ಒಣ ಪತ್ರಿಕೆಗಳ ನಡುವೆ ಭಾರ ಹೇರಿ. ಪತ್ರಿಕೆಯ ಮಸಿ ಹತ್ತದಂತೆ ಹಾಳೆಗೆ ತಾಗುವಲ್ಲಿ ಖಾಲಿ ಕಾಗದ ಹಾಕಿ. ಅರ್ಧ ದಿನಕ್ಕೊಮ್ಮೆ ಪತ್ರಿಕೆ ಬದಲಾಯಿಸಿ. ಇಸ್ತ್ರಿಪೆಟ್ಟಿಗೆ ಅವಸರದವರ ಹಾದಿ, ಅದರಲ್ಲಿ ಅಲೆ ಹೋಗುತ್ತದೆ, ಸುಕ್ಕು ಉಳಿಯುತ್ತದೆ.

ಚುಕ್ಕೆ, ಕಲೆ, ಬೂದು ಬಣ್ಣ

ಬೆಳಕಿಗೆ ಹಿಡಿದಾಗ ದುಂಡಗಿನ ತೆಳು ಚುಕ್ಕೆಗಳು ಕಂಡರೆ, ಅವು ಹೊಸ ಹಾಳೆಯ ಮೇಲೆ ನಿಮ್ಮ ಕೈಯಿಂದ ತೊಟ್ಟಿಕ್ಕಿದ ನೀರಿನ ಹನಿಗಳು. ಕೈ ಒರೆಸಿಕೊಂಡು ಎತ್ತಿ. ಹೂವಿನ ದಳದ ಸುತ್ತ ಕಂದು ವರ್ತುಲ ಮೂಡಿದ್ದರೆ ದಳ ಹಸಿಯಾಗಿತ್ತು. ಪುಸ್ತಕದ ನಡುವೆ ಇಟ್ಟು ಪೂರ್ತಿ ಒಣಗಿಸಿದ ಚೆಂಡುಹೂವಿನ ದಳ ಸಾಮಾನ್ಯವಾಗಿ ಬಣ್ಣ ಉಳಿಸಿಕೊಳ್ಳುತ್ತದೆ, ದಾಸವಾಳ, ಗುಲಾಬಿಗಳನ್ನು ನಂಬುವಂತಿಲ್ಲ. ಬೂದು ಬಣ್ಣ ಮುದ್ರಣದ ಮಸಿಯದು. ತಿರುಳಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು ಹಾಕಿ ಕದಡಿ, ಮೇಲೆ ಬಂದ ಕಪ್ಪು ನೊರೆಯನ್ನು ತೆಗೆದು, ತೆಳು ಬಟ್ಟೆಯಲ್ಲಿ ಹಲವು ಬಾರಿ ತೊಳೆದರೆ ತಕ್ಕಮಟ್ಟಿಗೆ ತಿಳಿಯಾಗುತ್ತದೆ. ಬ್ಲೀಚಿಂಗ್ ಪುಡಿ ಹಾಕಿದರೆ ಬೆಳ್ಳಗಾಗುತ್ತದೆ ನಿಜ, ಜೊತೆಗೆ ನಾರೂ ಸಾಯುತ್ತದೆ. ನನ್ನ ಮಟ್ಟಿಗೆ ಬೂದು ಹಾಳೆ ಚೆಂದ.

ಶಾಯಿ ಹರಡುತ್ತದೆ

ಕೈಯಿಂದ ತೆಗೆದ ಹಾಳೆಯ ಮೇಲೆ ಮಸಿಪೆನ್ನಿನಿಂದ ಒಂದು ಅಕ್ಷರ ಬರೆಯಿರಿ. ಅದು ಎಲ್ಲ ಕಡೆಗೂ ಕಾಲು ಚಾಚಿದರೆ ಹಾಳೆಗೆ ಗಂಜಿಯಿಲ್ಲ ಎಂದು ಅರ್ಥ. ನಾರುಗಳ ನಡುವಿನ ಸಂದುಗಳು ಶಾಯಿಯನ್ನು ಹೀರುತ್ತವೆ, ಆ ಸಂದುಗಳನ್ನು ತುಂಬಬೇಕು. ನಮ್ಮ ದೇಶದ ಹಳೆಯ ಕಾಗದಗಾರರು ಅನ್ನದ ಅಥವಾ ಗೋಧಿಯ ಗಂಜಿ ಬಳಿದು, ಒಣಗಿದ ಮೇಲೆ ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಿದ್ದರು. ಮನೆಯಲ್ಲಿ ಕಾಲು ಲೀಟರ್ ನೀರಿಗೆ ಒಂದು ಚಿಕ್ಕ ಚಮಚ ಜೋಳದ ಹಿಟ್ಟು ಕದಡಿ, ಪಾರದರ್ಶಕವಾಗುವವರೆಗೆ ಕುದಿಸಿದರೆ ಸಾಕು. ಇಲ್ಲಿ ಜೋಳದ ಹಿಟ್ಟು ಎಂದರೆ ರೊಟ್ಟಿಯ ಹಿಟ್ಟಲ್ಲ, ಅಂಗಡಿಯ ಬಿಳಿ ಕಾರ್ನ್‌ಫ್ಲೋರ್. ಆರಿದ ಮೇಲೆ ಅಗಲ ಬ್ರಷ್ಷಿನಿಂದ ಚೆನ್ನಾಗಿ ಒಣಗಿದ ಹಾಳೆಗೆ ಬಳಿಯಿರಿ, ಮತ್ತೆ ಒಣಗಿಸಿ, ಸ್ಟೀಲ್ ಲೋಟದ ತಳದಿಂದ ಉಜ್ಜಿ.

ಗಂಜಿ ಬಳಿದರೂ ಅಲ್ಲಲ್ಲಿ ಶಾಯಿ ಹರಡುತ್ತಿದೆಯೇ? ಒಂದು ತುಂಡು ಹಾಳೆಯ ಮೇಲೆ ಗಾಯಕ್ಕೆ ಹಚ್ಚುವ ಅಯೋಡಿನ್ನಿನ ಹನಿ ಬಿಡಿ. ಪಿಷ್ಟ ಇರುವಲ್ಲಿ ಕಡುನೀಲಿಯಾಗುತ್ತದೆ, ಇಲ್ಲದಲ್ಲಿ ಅಯೋಡಿನ್ನಿನ ಕಂದು ಬಣ್ಣವೇ ಉಳಿಯುತ್ತದೆ. ಬ್ರಷ್ ಎಲ್ಲಿ ಜಿಗಿದಿದೆ ಎಂಬುದು ನಕ್ಷೆಯಂತೆ ಎದ್ದು ಕಾಣುತ್ತದೆ. ತಿರುಳಿನಲ್ಲಿದ್ದ ಹಳೆ ಕಾಗದದ ಪಿಷ್ಟವೂ ತುಸು ಬಣ್ಣ ತೋರಿಸುವುದರಿಂದ, ಗಂಜಿ ಬಳಿಯದ ತುಂಡೊಂದನ್ನು ಪಕ್ಕದಲ್ಲಿಟ್ಟು ಹೋಲಿಸಿ.

ಗಂಜಿಗೆ ಪಟಿಕ ಬೆರೆಸುವ ಸಲಹೆ ಆಗಾಗ ಕೇಳಿಬರುತ್ತದೆ. ಶಾಯಿ ನಿಲ್ಲುವುದೇನೋ ನಿಜ. ಆದರೆ ಪಟಿಕ ಹಾಳೆಯಲ್ಲಿ ಆಮ್ಲ ಉಳಿಸುತ್ತದೆ. ಹತ್ತೊಂಬತ್ತನೆಯ ಶತಮಾನದಿಂದ ರಾಳ ಮತ್ತು ಪಟಿಕ ಸೇರಿಸಿ ತಯಾರಿಸಿದ ಕಾಗದದ ಪುಸ್ತಕಗಳು ಇಂದು ಗ್ರಂಥಾಲಯಗಳಲ್ಲಿ ಮುಟ್ಟಿದರೆ ಮುರಿಯುವುದಕ್ಕೆ ಮುಖ್ಯ ಕಾರಣ ಅದೇ.

ಹಾಳೆ ಹಳದಿಯಾಗುತ್ತಿದೆ

ತಿರುಳಿನಲ್ಲಿ ದಿನಪತ್ರಿಕೆ ಇತ್ತೇ? ಇದ್ದರೆ ಬೇರೆ ಕಾರಣ ಹುಡುಕಬೇಡಿ. ಪತ್ರಿಕೆಯ ಕಾಗದಕ್ಕೆ ಮರವನ್ನು ಯಂತ್ರದಲ್ಲಿ ಅರೆದಿರುತ್ತಾರೆ, ಮರದ ನಾರುಗಳನ್ನು ಬಿಗಿದಿಡುವ ಲಿಗ್ನಿನ್ ಎಂಬ ಅಂಶ ಅಲ್ಲೇ ಉಳಿದಿರುತ್ತದೆ. ಲಿಗ್ನಿನ್‌ಗೆ ಬೆಳಕು ಬಿದ್ದರೆ ಹಳದಿ. ಅನುಮಾನವಿದ್ದರೆ ಹಾಳೆಯ ಮೇಲೆ ಒಂದು ನಾಣ್ಯವಿಟ್ಟು ಕೆಲವು ದಿನ ಬಿಸಿಲಿನಲ್ಲಿ ಬಿಡಿ. ನಾಣ್ಯ ಎತ್ತಿದಾಗ ದುಂಡಗೆ ತಿಳಿ ಗುರುತು ಕಂಡರೆ ಉತ್ತರ ಸಿಕ್ಕಿತು. ಆಗಿರುವ ಹಳದಿಗೆ ಔಷಧವಿಲ್ಲ. ಪತ್ರಿಕೆಯ ತಿರುಳನ್ನು ಬುಟ್ಟಿ, ಮುಖವಾಡ, ಬೊಂಬೆಗಳಿಗೆ ಮೀಸಲಿಟ್ಟು, ಬರೆಯುವ ಹಾಳೆಗೆ ಮಕ್ಕಳ ಹಳೆ ನೋಟ್‌ಬುಕ್ಕು, ಜೆರಾಕ್ಸ್ ಹಾಳೆ ಬಳಸಿ.

ರಟ್ಟು ಬಾಗಿದೆ

ಅತಿ ಹೆಚ್ಚು ಜನ ಅಂಟನ್ನು ಬೈಯುವುದು ಇಲ್ಲಿ. ಬಾಗಿದ ರಟ್ಟನ್ನು ಪಕ್ಕದಿಂದ ನೋಡಿ. ಅದು ಪುಸ್ತಕದಿಂದ ದೂರಕ್ಕೆ, ಹೊರಗೆ ಬಾಗಿದ್ದರೆ ಹೊರಗಿನ ಹೊದಿಕೆ ಒಣಗುವಾಗ ಎಳೆದಿದೆ. ಹಾಳೆಗಳ ಕಡೆಗೆ ಬಾಗಿದ್ದರೆ ಒಳಗೆ ಅಂಟಿಸಿದ ಹಾಳೆ ಎಳೆದಿದೆ. ಯಾವ ಮುಖ ತಗ್ಗಾಗಿದೆಯೋ ಆ ಮುಖದಲ್ಲಿ ಕುಗ್ಗಿದ ಕಾಗದವಿದೆ. ಒಳಕ್ಕೆ ತುಸು ಬಾಗಿದ್ದರೆ ಬಿಟ್ಟುಬಿಡಿ, ಪುಸ್ತಕ ಬಿಗಿಯಾಗಿ ಮುಚ್ಚುತ್ತದೆ.

ಎಳೆತ ಏಕೆ ಬರುತ್ತದೆ? ಯಂತ್ರದಲ್ಲಿ ತಯಾರಾದ ಕಾಗದದಲ್ಲಿಯೂ ರಟ್ಟಿನಲ್ಲಿಯೂ ನಾರುಗಳು ಯಂತ್ರ ಓಡಿದ ದಿಕ್ಕಿಗೆ ಸಾಲಾಗಿ ಮಲಗಿರುತ್ತವೆ. ನಾರು ನೀರು ಕುಡಿದಾಗ ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಅಂಟು ಬಳಿದ ಹೊದಿಕೆ ಹೀಗೆ ಹಿಗ್ಗಿ, ರಟ್ಟಿಗೆ ಕೂತು, ಒಣಗುವಾಗ ಹಿಂದಕ್ಕೆ ಬರುತ್ತದೆ, ಬರುವಾಗ ರಟ್ಟನ್ನೂ ಎಳೆದುಕೊಳ್ಳುತ್ತದೆ. ನಾರಿನ ದಿಕ್ಕು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿದ್ದರೆ ಈ ಎಳೆತವನ್ನು ಬೆನ್ನಿನ ಕಡೆಯ ಸಂದು ತಾಳಿಕೊಳ್ಳುತ್ತದೆ. ಅಡ್ಡವಾಗಿದ್ದರೆ ರಟ್ಟು ತಲೆಯಿಂದ ಬುಡಕ್ಕೆ ದೋಣಿಯಾಗುತ್ತದೆ, ಹಾಳೆಗಳ ಮಡಿಕೆ ಸೀಳುತ್ತದೆ, ಪುಟ ತೆರೆದಾಗ ಸೆಟೆದು ನಿಲ್ಲುತ್ತದೆ.

ದಿಕ್ಕು ಕಂಡುಹಿಡಿಯುವುದು ಸುಲಭ. ದಿನಪತ್ರಿಕೆಯನ್ನು ಮೇಲಿನಿಂದ ಕೆಳಕ್ಕೆ ಹರಿಯಿರಿ, ಗೆರೆ ಎಳೆದಂತೆ ಬರುತ್ತದೆ. ಅಡ್ಡಕ್ಕೆ ಹರಿದರೆ ಅಂಕುಡೊಂಕು. ನೇರ ಹರಿದದ್ದೇ ನಾರಿನ ದಿಕ್ಕು. ರಟ್ಟನ್ನು ಎರಡೂ ಕಡೆಯಿಂದ ಬಾಗಿಸಿ ನೋಡಿ, ಸಲೀಸಾಗಿ ಬಾಗುವಾಗ ಮಡಿಕೆಯ ಗೆರೆ ಯಾವ ಕಡೆಗೆ ಓಡುತ್ತದೋ ಅದು ನಾರಿನ ದಿಕ್ಕು. ಇನ್ನೂ ಅನುಮಾನವಿದ್ದರೆ ಅಂಗೈಯಗಲದ ಕಾಗದದ ಒಂದೇ ಮುಖಕ್ಕೆ ನೀರು ಸವರಿ. ಅದು ಕೊಳವೆಯಂತೆ ಸುರುಳಿ ಸುತ್ತಿಕೊಳ್ಳುತ್ತದೆ, ಕೊಳವೆಯ ಉದ್ದವೇ ನಾರಿನ ಉದ್ದ. ನಿಮ್ಮ ಪರದೆಯಿಂದ ಎದ್ದ ಹಾಳೆಗೆ ಈ ಪರೀಕ್ಷೆ ಬೇಕಿಲ್ಲ. ಎತ್ತುವಾಗ ಚೌಕಟ್ಟನ್ನು ಎರಡೂ ದಿಕ್ಕಿಗೆ ಅಲುಗಿಸಿದ್ದರೆ ನಾರು ಎಲ್ಲ ಕಡೆಗೂ ಹರಡಿ ಸಮನಾಗಿರುತ್ತದೆ. ತೊಂದರೆಯೆಲ್ಲ ರದ್ದಿಯಿಂದ ಕತ್ತರಿಸಿದ ರಟ್ಟು, ಹೊದಿಕೆ ಕಾಗದಗಳದ್ದು. ಮರುಬಳಕೆಯ ಹುಮ್ಮಸ್ಸಿನಲ್ಲಿ ಸಿಕ್ಕ ತುಂಡಿನಿಂದ ಸಿಕ್ಕ ಕಡೆಗೆ ಕತ್ತರಿಸುತ್ತೇವೆ, ಒಂದು ರಟ್ಟು ಉದ್ದ ನಾರಿನದು, ಇನ್ನೊಂದು ಅಡ್ಡ ನಾರಿನದು. ಒಂದೇ ಪುಸ್ತಕದ ಎರಡು ಬಾಗಿಲು ಎರಡು ಕಡೆಗೆ ತಿರುಗುತ್ತವೆ.

ಹೊರಕ್ಕೆ ಬಾಗಿದ್ದನ್ನು ಸರಿಪಡಿಸಲು ಒಳಮುಖಕ್ಕೆ ಇನ್ನೊಂದು ಹಾಳೆಯನ್ನು ಬೆನ್ನಿಗೆ ಸಮಾನಾಂತರ ನಾರಿನಲ್ಲಿ ಕತ್ತರಿಸಿ, ಮೈದಾ ಅಂಟು ಬಳಿದು, ಎರಡು ಮೂರು ನಿಮಿಷ ಹಿಗ್ಗಲು ಬಿಟ್ಟು ಅಂಟಿಸಿ. ಈ ಕಾಯುವಿಕೆ ಮುಖ್ಯ. ಕಾಯದೆ ಅಂಟಿಸಿದರೆ ಹಾಳೆ ರಟ್ಟಿನ ಮೇಲೆಯೇ ಹಿಗ್ಗಿ ಗುಳ್ಳೆ ಏಳುತ್ತದೆ. ಪುಸ್ತಕದ ಒಳಹಾಳೆಗಳಿಗೆ ತೇವ ಹೋಗದಂತೆ ನಡುವೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹೀರುವ ಕಾಗದ ಇಟ್ಟು, ಕನಿಷ್ಠ ಒಂದು ದಿನ ಭಾರದಡಿ ಬಿಡಿ. ಇಲ್ಲಿ ಬಿಳಿ ಅಂಟಿಗಿಂತ ಮೈದಾ ಅಂಟೇ ಮೇಲು, ಏಕೆಂದರೆ ಅದರಲ್ಲಿ ನೀರು ಹೆಚ್ಚು, ಎಳೆತವೂ ಹೆಚ್ಚು. ಈ ಬಾರಿ ನಮಗೆ ಎಳೆತವೇ ಬೇಕಾಗಿದೆ.

ಸಿಹಿತಿಂಡಿ ಡಬ್ಬಿಯ ರಟ್ಟು ಬಳಸಿದ್ದರೆ ಇನ್ನೊಂದು ಸಂಗತಿ ಗಮನಿಸಿ. ತುಪ್ಪದ ಕಲೆಯಿರುವಲ್ಲಿ ಯಾವ ಅಂಟೂ ಹಿಡಿಯದು. ಆ ಭಾಗವನ್ನು ಕತ್ತರಿಸಿ ಎಸೆಯಿರಿ.

ಪುಟಗಳು ಕಳಚುತ್ತಿವೆ

ಕಳಚಿದ ಹಾಳೆಯ ಅಂಚನ್ನು ನೋಡಿ. ರಂಧ್ರ ಉದ್ದಕ್ಕೆ ಸೀಳಿದೆಯೇ, ಮಡಿಕೆ ಮುರಿದಿದೆಯೇ, ಅಥವಾ ರಂಧ್ರವೇ ಇಲ್ಲದೆ ಅಂಟಿನ ಗೆರೆಯಲ್ಲಿ ಬಿಟ್ಟಿದೆಯೇ?

ರಂಧ್ರ ಸೀಳಿದ್ದರೆ ದಾರವನ್ನು ಎಳೆದ ದಿಕ್ಕು ತಪ್ಪು. ಹೊಲಿಯುವಾಗ ದಾರವನ್ನು ನಿಮ್ಮ ಎದೆಯ ಕಡೆಗೆ ಎಳೆದರೆ ಅದು ಗರಗಸದಂತೆ ಮಡಿಕೆಯನ್ನು ಕೊಯ್ಯುತ್ತದೆ. ಬೆನ್ನಿನ ಉದ್ದಕ್ಕೆ, ಹೊಲಿಗೆ ಸಾಗುವ ಕಡೆಗೇ ಎಳೆಯಬೇಕು. ರಂಧ್ರವನ್ನು ಸೂಜಿಯಿಂದಲೇ ಮಾಡದೆ ಮೊದಲು ದಬ್ಬಣದಿಂದ ಚುಚ್ಚಿಕೊಳ್ಳಿ, ಮೇಲಿನ ಮತ್ತು ಕೆಳಗಿನ ಅಂಚಿನಿಂದ ಒಂದೂವರೆ ಸೆಂಟಿಮೀಟರ್ ಬಿಡಿ. ಹೊಲಿಗೆ ಯಂತ್ರದ ತೆಳು ಪಾಲಿಯೆಸ್ಟರ್ ದಾರ ಕೈಕಾಗದಕ್ಕೆ ಚೂರಿ. ಹೂ ಕಟ್ಟುವ ದಾರ ಮೃದು, ಆದರೆ ಬಲವಿಲ್ಲ. ಹಲವು ಎಳೆ ಹುರಿಮಾಡಿದ ಹತ್ತಿ ದಾರಕ್ಕೆ ಜೇನುಮೇಣ ಅಥವಾ ಮೇಣದಬತ್ತಿ ಉಜ್ಜಿ ಬಳಸಿ.

ಮಡಿಕೆ ಮುರಿದಿದ್ದರೆ ಹಾಳೆ ದಪ್ಪವಾಗಿದೆ, ನಾರು ಗಿಡ್ಡವಾಗಿದೆ. ಎರಡೂವರೆ ಸೆಂಟಿಮೀಟರ್ ಅಗಲದ ತೆಳು ಕಾಗದ ಅಥವಾ ತೆಳು ಹತ್ತಿ ಬಟ್ಟೆಯ ಪಟ್ಟಿಯನ್ನು ಮಡಿಕೆಯ ಮೇಲೆ ಅಂಟಿಸಿ, ಒಣಗಿದ ಮೇಲೆ ಅದರ ಮೂಲಕವೇ ಹೊಲಿಯಿರಿ. ಎಲ್ಲ ಹಾಳೆಗೂ ಬೇಕಿಲ್ಲ. ಒಂದರೊಳಗೊಂದು ಮಡಿಸಿಟ್ಟ ಹಾಳೆಗಳ ಪ್ರತಿ ಕಟ್ಟಿನ ಅತಿ ಹೊರಗಿನ ಹಾಳೆಗೆ ಹೊರಬದಿಯಲ್ಲಿ, ಅತಿ ಒಳಗಿನದಕ್ಕೆ ಒಳಬದಿಯಲ್ಲಿ ಸಾಕು, ದಾರ ಉಜ್ಜುವುದು ಅಲ್ಲಿಯೇ. 120 ಜಿಎಸ್‌ಎಂ ಹಾಳೆಯಾದರೆ ಒಂದು ಕಟ್ಟಿಗೆ ಮೂರು ನಾಲ್ಕು ಹಾಳೆಗಿಂತ ಹೆಚ್ಚು ಮಡಿಸಬೇಡಿ.

ಅಂಟಿನ ಗೆರೆಯಲ್ಲೇ ಬಿಟ್ಟಿದ್ದರೆ ಅದು ಹೊಲಿಗೆಯಿಲ್ಲದ ಪುಸ್ತಕ, ಇಲ್ಲವೇ ಹೊಲಿದರೂ ಬೆನ್ನಿಗೆ ಅಂಟನ್ನು ದಪ್ಪಗೆ ಮೆತ್ತಿದ ಪುಸ್ತಕ. ದಪ್ಪ ಅಂಟು ಒಣಗಿದ ಮೇಲೆ ಬೆನ್ನು ಬಾಗುವುದಿಲ್ಲ. ಪುಸ್ತಕ ತೆರೆದಾಗ ಬಾಗಬೇಕಾದ ಕೆಲಸವೆಲ್ಲ ಅಂಟಿನ ಅಂಚಿಗೆ ಬಂದು ಹಾಳೆ ಅಲ್ಲೇ ಹರಿಯುತ್ತದೆ. ಇಲ್ಲಿ ಇನ್ನೊಂದು ಪದರ ಬಳಿದರೆ ಮುಂದಿನ ಹಾಳೆಯೂ ಬರುತ್ತದೆ. ಹಳೆ ಅಂಟನ್ನು ಮೆಲ್ಲಗೆ ಕೆರೆದು, ತೆಳು ಪದರ ಬಳಿದು, ಅದರ ಮೇಲೆ ಸಡಿಲ ನೇಯ್ಗೆಯ ಹತ್ತಿ ಬಟ್ಟೆಯ ಪಟ್ಟಿ ಕೂರಿಸಿ. ಬಲ ಕೊಡುವುದು ಬಟ್ಟೆ.

ಒಂದು ಮುಖ ಮುದ್ರಿತವಾದ ಬಿಡಿ ಎ4 ಹಾಳೆಗಳ ಕಂತೆಯಿದ್ದರೆ ಬೆನ್ನಿನಿಂದ ಒಂದು ಸೆಂಟಿಮೀಟರ್ ಒಳಗೆ ಪಕ್ಕಹೊಲಿಗೆ ಹಾಕಬಹುದು. ಪೂರ್ತಿ ಚಪ್ಪಟೆಯಾಗಿ ತೆರೆಯುವುದಿಲ್ಲ, ಆದರೆ ಬಾಳಿಕೆ ಬರುತ್ತದೆ. ಹೊಲಿಗೆಯೇ ಬೇಡವೆನ್ನುವವರಿಗೆ ನಮ್ಮ ನಾಡಿನಲ್ಲೇ ಹಳೆಯ ಮಾದರಿಯೊಂದಿದೆ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪಗೆ ಮಾಡಿ, ಹಿಂದೆ ಮುಂದೆ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತ. ಶೃಂಗೇರಿ ಮಠದಲ್ಲಿ ಅಂಥ ಕಡತಗಳು ಇಂದಿಗೂ ಇವೆ. ಅದೇ ಮಡಿಕೆಯಲ್ಲಿ ಉದ್ದ ಕಾಗದದ ಪಟ್ಟಿಯನ್ನು ಮಡಿಸಿ ಎರಡೂ ತುದಿಗೆ ರಟ್ಟು ಅಂಟಿಸಿದರೆ ಕಳಚಲು ಪುಟವೇ ಇರುವುದಿಲ್ಲ.

ಬಟ್ಟೆಯ ಹೊದಿಕೆಯಲ್ಲಿ ಕಲೆ, ತೆರೆಯದ ರಟ್ಟು

ಹಳೆ ಇಳಕಲ್ ಸೀರೆಯ ಸೆರಗು, ಖಣದ ತುಂಡು ರಟ್ಟಿಗೆ ಹೊದಿಸಿದಾಗ ಅಂಟು ನೇಯ್ಗೆಯ ಮೂಲಕ ಮೇಲೆ ಬಂದು ಕಲೆಯಾಗುತ್ತದೆ. ಬಟ್ಟೆಯ ಹಿಂಬದಿಗೆ ಮೊದಲೇ ತೆಳು ಕಾಗದ ಅಂಟಿಸಿ ಒಣಗಿಸಿಕೊಂಡು, ಅನಂತರ ರಟ್ಟಿಗೆ ಹಚ್ಚಿ. ಅಂಟು ಬಳಿಯುವುದು ಆ ಕಾಗದಕ್ಕೆ.

ರಟ್ಟು ಪೂರ್ತಿ ತೆರೆಯದೆ ಮೊದಲ ಹಾಳೆಯನ್ನು ಎಳೆಯುತ್ತಿದ್ದರೆ ರಟ್ಟು ಮತ್ತು ಬೆನ್ನುಪಟ್ಟಿಯ ನಡುವೆ ಸಂದು ಸಾಲದು. 2 ಮಿಲಿಮೀಟರ್ ದಪ್ಪದ ರಟ್ಟಿಗೆ 7 ಮಿಲಿಮೀಟರ್ ಸಂದು ಬಿಡಿ.

ಪುಸ್ತಕ ಬಾಯಿ ತೆರೆದುಕೊಂಡಿದೆ, ಅಂಟಿಸಿದ ಟಿಕೆಟ್ ಮಾಸಿದೆ

ಪ್ರವಾಸದ ದಿನಚರಿಗಳ ಗೋಳು ಇದು. ಪುಟಗಳಿಗೆ ಫೋಟೊ, ಎಲೆ, ಚೀಟಿ ಅಂಟಿಸುತ್ತಾ ಹೋದಂತೆ ಮುಂಭಾಗ ದಪ್ಪವಾಗುತ್ತದೆ, ಬೆನ್ನು ಅಷ್ಟೇ ಇರುತ್ತದೆ. ಹೊಸ ಪುಸ್ತಕವಾದರೆ ಹೊಲಿಯುವಾಗಲೇ ಪ್ರತಿ ಎರಡು ಹಾಳೆಗೊಂದರಂತೆ ಎರಡು ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಮಡಿಸಿ ಸೇರಿಸಿ, ಬೆನ್ನಿನ ದಪ್ಪ ಮುಂಚಿತವಾಗಿ ಹೆಚ್ಚುತ್ತದೆ. ಆಗಲೇ ತುಂಬಿದ ಪುಸ್ತಕವಾದರೆ ಅಲ್ಲಲ್ಲಿ ಒಂದೊಂದು ಖಾಲಿ ಹಾಳೆಯನ್ನು ಮಡಿಕೆಯಿಂದ ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ ತೆಗೆಯಿರಿ. ಮಡಿಕೆಯಲ್ಲೇ ಕತ್ತರಿಸಿದರೆ ಅದರ ಜೊತೆಗಾರ ಹಾಳೆ ಉದುರುತ್ತದೆ.

ಟಿಕೆಟ್ ಮಾಸಲು ಪುಸ್ತಕ ಕಾರಣವಲ್ಲ. ಬಸ್ಸಿನಲ್ಲಿ ಯಂತ್ರದಿಂದ ಕೊಡುವ ಟಿಕೆಟ್, ಅಂಗಡಿ ಬಿಲ್ಲು, ಎಟಿಎಂ ಚೀಟಿ ಬಹುಪಾಲು ಶಾಖಕ್ಕೆ ಕಪ್ಪಾಗುವ ಲೇಪದ ಕಾಗದ. ಬೆಳಕು, ಎಣ್ಣೆ, ಪ್ಲಾಸ್ಟಿಕ್ ತಾಗಿದರೆ ಅಕ್ಷರ ಅಳಿಸುತ್ತದೆ. ಜೆರಾಕ್ಸ್ ಮಾಡಿಸಿ ಅದನ್ನೇ ಅಂಟಿಸಿ. ಇಂಥ ಚೀಟಿಗಳನ್ನು ತಿರುಳಿಗೂ ಹಾಕಬಾರದು. ಅವುಗಳ ಲೇಪದಲ್ಲಿ ಹಲವೆಡೆ ಬಿಸ್ಫೆನಾಲ್ ಎಂಬ ಹಾನಿಕರ ರಾಸಾಯನಿಕ ಇರುತ್ತದೆ, ನಿಮ್ಮ ಕೈ ಗಂಟೆಗಟ್ಟಲೆ ಆ ನೀರಿನಲ್ಲಿರುತ್ತದೆ.

ಬೂಷ್ಟು ಮತ್ತು ಹುಳ

ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಳೆ ಒಣಗಿದಂತೆ ಕಾಣುತ್ತದೆ, ಒಣಗಿರುವುದಿಲ್ಲ. ಹಾಳೆಯನ್ನು ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಒಳಗೆ ನೀರಿದೆ, ಹೊಲಿಯಬೇಡಿ. ಬೂಷ್ಟು ಬಂದ ಪುಸ್ತಕವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಅದನ್ನು ನಾರಿನೊಳಗೆ ತಿಕ್ಕಿದಂತೆ. ಉಳಿದ ಪುಸ್ತಕಗಳಿಂದ ಬೇರೆ ಮಾಡಿ, ಗಾಳಿಯಾಡುವ ನೆರಳಿನಲ್ಲಿ ಪುಟ ಬಿಡಿಸಿ ಪೂರ್ತಿ ಒಣಗಿಸಿ. ಆಮೇಲೆ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಮನೆಯ ಹೊರಗೆ ಮೃದು ಬ್ರಷ್ಷಿನಿಂದ ಝಾಡಿಸಿ. ಕಲೆ ಉಳಿಯುತ್ತದೆ, ಬೆಳವಣಿಗೆ ನಿಲ್ಲುತ್ತದೆ.

ಮೈದಾ ಅಂಟಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಸೇರಿಸುವುದು ನಮ್ಮ ಹಳೆ ಬೈಂಡರುಗಳ ಪದ್ಧತಿ. ಅಡಿಕೆಗೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವ ಮನೆಗಳಲ್ಲಿ ಅದು ಕೈಗೆ ಸುಲಭವಾಗಿ ಸಿಗುತ್ತದೆ ಕೂಡ. ಬೂಷ್ಟು, ಹುಳ ಎರಡನ್ನೂ ಅದು ತಡೆಯುತ್ತದೆ. ಆದರೆ ತಾಮ್ರದ ಅಂಶ ಕಾಲಕ್ರಮದಲ್ಲಿ ಕಾಗದವನ್ನೇ ಕೆಡಿಸುತ್ತದೆ, ಮೇಲಾಗಿ ವಿಷ. ಮಕ್ಕಳು ಬೆರಳು ನೆಕ್ಕಿ ಪುಟ ತಿರುವುವ ಪುಸ್ತಕಕ್ಕೆ ಅದನ್ನು ಹಾಕುವುದು ನನಗೆ ಒಪ್ಪಿಗೆಯಿಲ್ಲ. ಅಂಟಿಗೆ ಎರಡು ಹನಿ ಲವಂಗದ ಎಣ್ಣೆ ಹಾಕಿ, ಆ ದಿನಕ್ಕೆ ಬೇಕಾದಷ್ಟೇ ಕಾಯಿಸಿಕೊಳ್ಳಿ.

ಹುಳ ಯಾವುದೆಂದು ಗಾಯವೇ ಹೇಳುತ್ತದೆ. ಹಾಳೆಯ ಮೇಲ್ಮೈ ಕೆರೆದಂತೆ ತೆಳುವಾಗಿದ್ದರೆ ಗಂಜಿಯ ಆಸೆಗೆ ಬಂದ, ಬೆಳ್ಳಿ ಬಣ್ಣದ ಚಪ್ಪಟೆ ಹುಳ. ತೇವ ಕಡಿಮೆ ಮಾಡಿ, ಕಪಾಟಿನ ಮೂಲೆಗಳನ್ನು ಗುಡಿಸಿ. ಮಣ್ಣಿನ ಗೆರೆ ಕಂಡರೆ ಗೆದ್ದಲು, ಅದು ಪುಸ್ತಕದ ಸಮಸ್ಯೆಯಲ್ಲ, ಗೋಡೆಯದು. ಗುಂಡುಸೂಜಿಯ ತಲೆಯಷ್ಟು ದುಂಡಗಿನ ತೂತು, ಕೆಳಗೆ ಹುಡಿ ಇದ್ದರೆ ರಟ್ಟು ಕೊರೆಯುವ ಹುಳದ ಮರಿ. ಆ ಪುಸ್ತಕವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ತಕ್ಷಣ ಚೀಲ ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ನೀರು ಕಟ್ಟುತ್ತದೆ, ಒಂದು ದಿನ ಹಾಗೇ ಬಿಟ್ಟು ಬಿಚ್ಚಿ. ಅನಂತರ ಹುಡಿಯನ್ನೆಲ್ಲ ಝಾಡಿಸಿ, ಪುಸ್ತಕವನ್ನು ಬಿಳಿ ಹಾಳೆಯ ಮೇಲಿಟ್ಟು ಕೆಲವು ವಾರ ಗಮನಿಸಿ. ಹೊಸ ಹುಡಿ ಬಿದ್ದರೆ ಒಳಗೆ ಯಾವುದೋ ಮರಿ ಬದುಕಿದೆ, ಮತ್ತೆ ಫ್ರೀಜರಿಗೆ ಹಾಕಿ.